ಬೀಗರಿಗೆ ತೋರಿಸಿದ ಇಟಲಿ ಸಿನಿಮಾ

ಬೀಗರಿಗೆ ಏನು ಬಡಿಸಬೇಕೆಂಬುದು ನಮ್ಮವರಿಗೆ ಚೆನ್ನಾಗಿ ಗೊತ್ತಿದೆ. ಊಟವಾದ ಮೇಲೆ ಏನು ತೋರಿಸಬೇಕೆಂಬುದನ್ನು ಮಾತ್ರ ಯಾರೂ ಹೇಳಿಕೊಟ್ಟಿಲ್ಲ. ಆ ಭಾನುವಾರದ ನಡುಕ ಇನ್ನೂ ಪೂರ್ತಿ ಇಳಿದಿಲ್ಲವಾದ್ದರಿಂದ ಕಂಡದ್ದನ್ನು ಕಂಡಷ್ಟೇ ಹೇಳುತ್ತೇನೆ.

ಮಗಳು ಅನಘಾ ಮೆಚ್ಚಿದ ಹುಡುಗನ ತಂದೆತಾಯಿ ಕಾರ್ಮೆಲ್ ವ್ಯಾಲಿಯಿಂದ ವಾಲ್‌ನಟ್‌ನ ನಮ್ಮ ಮನೆಗೆ ಮೊದಲ ಸಲ ಬಂದಿದ್ದರು. ದಾರಿಯಲ್ಲಿ ನಮ್ಮ ದೇಶದವರ ಅಂಗಡಿಗಳಿರುವ ಆರ್ಟೀಸಿಯಾಕ್ಕೆ ಹೋಗಿ ಮೈಸೂರು ಪಾಕನ್ನೂ ತಂದಿದ್ದರು. ಹಿರಿಯರ ಮಾತು ಇನ್ನೂ ಗಟ್ಟಿಯಾಗಿರಲಿಲ್ಲ, ಆದರೂ ನಾನು ಮನಸ್ಸಿನಲ್ಲೇ ಅವರನ್ನು ಬೀಗರು, ಬೀಗಿತ್ತಿ ಮಾಡಿಕೊಂಡಿದ್ದೆ. ಫೋನಿನಲ್ಲಿ ಒಮ್ಮೆ ಬೀಗಿತ್ತಿ "ನಮಗೆ ಫಾರಿನ್ ಸಿನಿಮಾ ಅಂದ್ರೆ ಇಷ್ಟ" ಎಂದದ್ದು ನೆನಪಿತ್ತು. ಇಟಲಿಯದೊಂದನ್ನು ಆರಿಸಿದೆ. ಒಂದು ಕುಟುಂಬ, ಒಂದು ತೋಟ, ಒಂದು ಬೇಸಿಗೆ ಎಂದಿತ್ತು ವಿವರಣೆ. ಅನಘಾ "ಅಪ್ಪಾ, ನಾಟ್ ದಟ್ ಒನ್" ಎಂದಳು. ಅವಳಿಗೆ ಕಲಾತ್ಮಕ ಚಿತ್ರಗಳೆಂದರೆ ಬೇಸರವೆಂದು ತಿಳಿದೆ.

ಮೊದಲ ಅರ್ಧ ಗಂಟೆ ಆ ಕುಟುಂಬ ಮಾತಿಲ್ಲದೆ ಉಣ್ಣುತ್ತಿತ್ತು. ಆಮೇಲೆ ಮನೆಯ ವಿಧವೆ ಉಡುಪನ್ನು ಕಲ್ಲಿನ ಮೇಲಿಟ್ಟು ತೋಟದ ಕೊಳಕ್ಕಿಳಿದಳು. ದಡದಲ್ಲಿ ಪಾದ್ರಿಯೊಬ್ಬ ನಿಂತಿದ್ದ. ಬಹಳ ಹೊತ್ತು ನಿಂತಿರಲಿಲ್ಲ. ರಿಮೋಟ್ ಬೀಗಿತ್ತಿಯ ಪಕ್ಕದಲ್ಲಿತ್ತು. ಅದಕ್ಕೆ ಕೈ ಚಾಚಿದರೆ ನಾನು ನೋಡುತ್ತಿದ್ದೆನೆಂದು ಒಪ್ಪಿಕೊಂಡಂತೆ. ಏಳೋಣವೆಂದರೆ, ಬೀಗರು ಕೂತಿರುವಾಗ ಮನೆಯವನು ಏಳುವಂತಿಲ್ಲ. ಮನೆಯವನು ಏಳದೆ ಬೀಗರೂ ಏಳುವಂತಿಲ್ಲ. ಹೆಂಡತಿ ಸುಮಾ ಮಾತ್ರ ಕಾಫಿಯ ನೆಪದಲ್ಲಿ ತಪ್ಪಿಸಿಕೊಂಡಳು.

ಬೀಗರು ಚಾವಣಿಯನ್ನೇ ದಿಟ್ಟಿಸುತ್ತಾ, "ಸ್ಮೋಕ್ ಅಲಾರ್ಮ್ ಬ್ಯಾಟರಿ ಚೇಂಜ್ ಮಾಡಿದ್ರಾ?" ಎಂದರು.

"ಮಾಡಿದ್ದೀನಿ" ಎಂದೆ. ಮಿಕ್ಕ ಹೊತ್ತೆಲ್ಲ ಬೀಗರು, ಬೀಗಿತ್ತಿಯ ಮುಖ ನೋಡುತ್ತಾ, ಮಗಳ ಮದುವೆ ಮುರಿಯುವ ಗಳಿಗೆಗೆ ಕಾದೆ.

ಸಿನಿಮಾ ಮುಗಿಯಿತು. ಬೀಗಿತ್ತಿ ಮೆಲ್ಲಗೆ ಕೇಳಿದರು: "ಅಲ್ಲಾ, ಕೊನೇಲಿ ಮಗ ಅಷ್ಟು ತಟ್ಟಿದ್ರೂ ಅವಳು ಬಾಗಿಲು ಯಾಕೆ ತೆಗೀಲಿಲ್ಲ?"

"ಪಾದ್ರಿ ಒಳಗಿದ್ನಲ್ಲ" ಎಂದರು, ಚಾವಣಿ ನೋಡುತ್ತಿದ್ದ ಬೀಗರು.

"ನೋ ಅಂಕಲ್, ಹೀ ಲೆಫ್ಟ್" ಎಂದಳು ಅನಘಾ.

"ಎಲ್ಲಿ ಹೋದ? ಅವನ ಶೂ ಮಂಚದ ಕೆಳಗೇ ಇತ್ತು" ಎಂದಳು, ಅಡುಗೆಮನೆಯಲ್ಲಿದ್ದ ಸುಮಾ.

ವಾದ ಸಂಜೆಯ ತಿಂಡಿಯವರೆಗೂ ನಡೆಯಿತು. ಮದುವೆಯ ಮಾತು ಅದರ ನಡುವೆಯೇ, ಯಾರೂ ಗಂಟಲು ಸರಿಮಾಡಿಕೊಳ್ಳದೆ, ಗಟ್ಟಿಯಾಯಿತು. "ನೀವು ಹೇಳಿ, ಸೆಲೆಕ್ಟ್ ಮಾಡಿದೋರು ನೀವೇ ಅಲ್ವಾ" ಎಂದರು ಬೀಗಿತ್ತಿ. ನಾನು ಬಾಗಿಲನ್ನೇ ಕಂಡಿರಲಿಲ್ಲ. ಮುಂದಿನ ಸಲ ಸಿಕ್ಕಾಗ ಹೇಳುತ್ತೇನೆಂದು ಒಪ್ಪಿಕೊಂಡೆ.

ಅದಕ್ಕಾಗಿಯೇ ಮರುದಿನ ಒಬ್ಬನೇ ಸಿನಿಮಾ ಹಾಕಿಕೊಂಡು ಕೂತೆ. ಸುಮಾ ಬೀನ್ಸ್ ಬಿಡಿಸುತ್ತಾ ಬಂದು ನಿಂತಳು.

"ಮತ್ತೆ ಅದೇನಾ?"

"ಬಾಗಿಲು ನೋಡ್ಬೇಕು ಕಣೇ."

ಅವಳು ಪರದೆಯನ್ನು ನೋಡಿದಳು, ನನ್ನನ್ನು ನೋಡಿದಳು.

"ಬಾಗಿಲು ಬರೋದು ಕೊನೇಲಿ. ಕೊಳದಿಂದ ಯಾಕೆ ಶುರು ಮಾಡಿದ್ರಿ?"