ಸರಪಂಚಮ್ಮನಿಗೆ ಫೋನು ಕಲಿಸಿದ್ದು

ನಾಯಕರಾದವರಿಗೆ ಹೊಸ ಯಂತ್ರಗಳ ಬಳಕೆ ಗೊತ್ತಿರಬೇಕೇ ಬೇಡವೇ ಎಂಬ ಚರ್ಚೆ ಎಲ್ಲಿ ಶುರುವಾದರೂ ನಾನು ಮೆಲ್ಲಗೆ ಎದ್ದು ಚಪ್ಪಲಿ ಹುಡುಕತೊಡಗುತ್ತೇನೆ. ಗೊತ್ತಿರಲೇಬೇಕು ಎಂದು ಒಂದು ಕಾಲಕ್ಕೆ ಮೇಜು ಗುದ್ದಿ ವಾದಿಸಿದವನು ನಾನೇ. ಬರೀ ವಾದಿಸಿದ್ದರೆ ಚಿಂತೆಯಿರಲಿಲ್ಲ, ಕಲಿಸಲಿಕ್ಕೂ ಹೋದೆ.

ಎಂಬತ್ತರ ದಶಕದ ಆರಂಭವಿರಬೇಕು. ಆಂಧ್ರದ ಗಡಿಯ ಆದೋನಿಯ ಸರಕಾರಿ ಕಚೇರಿಯೊಂದರಲ್ಲಿ ನಾನು ಗುಮಾಸ್ತ. ಇಡೀ ಕಚೇರಿಗೆ ಒಂದೇ ಕಪ್ಪು ಫೋನು, ಅದು ನನ್ನ ಮೇಜಿನ ಮೇಲೆ. ಗಂಟೆ ಬಾರಿಸಿದರೆ ಮೊದಲು ಧೋತರದ ಅಂಚು ಸರಿಮಾಡಿಕೊಂಡು ಆಮೇಲೆ ಎತ್ತುತ್ತಿದ್ದೆ. ಫೋನಿನಲ್ಲಿ ಧೋತರ ಯಾರಿಗೂ ಕಾಣುವುದಿಲ್ಲವೆಂದು ಹೆಂಡತಿ ತಿಳಿಸಿ ಹೇಳಿದ ಮೇಲೂ ಆ ಅಭ್ಯಾಸ ಹೋಗಲಿಲ್ಲ.

ಕೋಸಗಿ ಕಡೆಯ ಒಂದು ಹಳ್ಳಿಗೆ ನರಸಮ್ಮ ಎಂಬವರು ಸರಪಂಚರಾಗಿದ್ದರು. ಕುರಿ ಸಾಕುವ ಮನೆತನ. ಗುಡ್ಡದ ಈ ಮಗ್ಗುಲಿನಿಂದ ಆ ಮಗ್ಗುಲಿಗೆ ಕೂಗಿ ರೂಢಿಯಾದ ಗಂಟಲು. ಆ ಬೇಸಿಗೆಯಲ್ಲಿ ಊರಿನ ಟ್ರಾನ್ಸ್‌ಫಾರ್ಮರ್ ಸುಟ್ಟು ಕುಡಿಯುವ ನೀರಿನ ಮೋಟಾರು ನಿಂತುಹೋಯಿತು. ಉಳಿದದ್ದು ಒಂದು ಉಪ್ಪುನೀರಿನ ಬಾವಿ. ನರಸಮ್ಮ ದಿನಾ ಮುಂಜಾನೆಯ ರೈಲಿಗೆ ಬಂದು ನನ್ನೆದುರು ಕೂರುತ್ತಿದ್ದರು.

"ಆಚಾರ್ರೇ, ಆ ಕರೆಂಟಿನ ಇಂಜಿನಿಯರಿಗೆ ನೀವಾ ಹೇಳ್ರಿ. ಮುಖ ಕಾಣದ ಮನಿಷಿ ಕೂಡ ನಾನೇನ್ ಮಾತಾಡ್ಲಿ? ಉಪ್ಪುನೀರು ಕುಡುದು ಮಂದಿ ಸಾಯಾಕ ಹತ್ಯಾರ ಅನ್ರಿ."

ನಾನು ಅದನ್ನು ಕಚೇರಿಯ ಭಾಷೆಗೆ ಇಳಿಸಿ, "ಸಾರ್, ಸ್ವಲ್ಪ ಅನಾನುಕೂಲವಾಗಿದೆಯಂತೆ" ಎನ್ನುತ್ತಿದ್ದೆ. ಇಂಜಿನಿಯರು ತೆಲುಗಿನಲ್ಲಿ "ಚೂಸ್ತಾಂ ಲೆಂಡಿ" ಎನ್ನುತ್ತಿದ್ದರು. ಅಂದರೆ, ನೋಡೋಣ ಬಿಡಿ. ಹೀಗೆ ನಾಲ್ಕು ದಿನ ನೋಡಿದ್ದಾಯಿತು.

ಐದನೆಯ ದಿನ ನರಸಮ್ಮ ನನ್ನ ಕೈಯಿಂದ ರಿಸೀವರ್ ಕಿತ್ತುಕೊಂಡರು. ಹಿಡಿದದ್ದು ತಲೆಕೆಳಗಾಗಿ. ಕಿವಿಗೆ ಇಡುವುದು ಬಾಯಿಗೆ, ಬಾಯಿಗೆ ಇಡುವುದು ಕಿವಿಗೆ. ತಿರುಗಿಸಲು ಹೋದ ನನ್ನ ಕೈಯನ್ನು ತಳ್ಳಿ ಶುರುಮಾಡಿದರು. "ಸಾರ್, ಊರಾಗ ಹನಿ ನೀರಿಲ್ಲ. ಬಾಣಂತ್ಯಾರು ಅದಾರ. ನಾಳಿ ನಾವೆಲ್ಲಾ ಕೊಡ ತಗಂಡು ನಿಮ್ಮ ಮನಿ ನಳಕ್ಕ ಬರ್ತೀವಿ. ಮನಿಯಾಕಿಗೆ ಹೇಳಿಡ್ರಿ." ಇಂಜಿನಿಯರ ದನಿ ಅವರ ಗದ್ದದ ಕೆಳಗೆ ದುಂಬಿಯಂತೆ ಗುಂಯ್‌ಗುಡುತ್ತಿತ್ತು. ಒಂದಕ್ಷರವೂ ಕಿವಿಗೆ ಹೋಗದ ಕಾರಣ ಅವರು ನಿಲ್ಲಿಸಲೂ ಇಲ್ಲ.

ಮರುದಿನ ಮಧ್ಯಾಹ್ನಕ್ಕೆ ಟ್ರಾನ್ಸ್‌ಫಾರ್ಮರ್ ಊರು ಸೇರಿತು. ಇಂಜಿನಿಯರು ನನಗೆ ಫೋನು ಮಾಡಿ, "ಎವರಂಡಿ ಆಮೆ, ಯಾರ್ರೀ ಆ ಹೆಂಗಸು? ಮೂರು ಕಾರಣ ಹೇಳಿದೆ, ಒಂದಕ್ಕೂ ಬಗ್ಗಲಿಲ್ಲ" ಎಂದು ಅಲವತ್ತುಕೊಂಡರು.

ಅಲ್ಲಿಗೆ ಸುಮ್ಮನಿರಬೇಕಿತ್ತು. ಜನರ ಪ್ರತಿನಿಧಿಯೊಬ್ಬರು ಫೋನನ್ನು ತಲೆಕೆಳಗೆ ಹಿಡಿಯುವುದು ನನಗೆ ಸಹಿಸಲಾಗಲಿಲ್ಲ. ಮುಂದಿನ ಸಲ ಬಂದಾಗ ಅರ್ಧ ಗಂಟೆ ಕೂರಿಸಿ ಕಲಿಸಿದೆ. ಅವರೂ ಶ್ರದ್ಧೆಯಿಂದ ಕಲಿತರು.

ತಿಂಗಳೊಳಗೆ ಮೋಟಾರೇ ಸುಟ್ಟುಹೋಯಿತು. ನರಸಮ್ಮ ರಿಸೀವರನ್ನು ಚಂದಾಗಿ ಹಿಡಿದು, ಅದೇ ಇಂಜಿನಿಯರ ಮಾತನ್ನು ಪೂರ್ತಿ ಕೇಳಿಸಿಕೊಂಡು, "ಹೌದ್ರಿ… ಆತ್ರಿ… ನಿಮ್ ಕಷ್ಟನೂ ಐತಲ್ರಿ" ಎಂದು ಇಟ್ಟರು. "ಪಾಪ, ಆತನ ಮಗಳಿಗೆ ಜರ ಅಂತ. ಲೈನ್‌ಮನ್ನು ರಜದಾಗ ಅದಾನಂತ" ಎಂದು ನನಗೂ ಹೇಳಿದರು. ನಾನು ಹೆಮ್ಮೆಪಟ್ಟೆ. ಎಂಟು ದಿನವಾದರೂ ಮೋಟಾರು ಬರಲಿಲ್ಲ.

ಒಂಬತ್ತನೆಯ ದಿನ ನನಗೆ ಊರಿಗೆ ಬರಲು ಹೇಳಿ ಕಳಿಸಿದರು. ಹೋದೆ. ಉಪ್ಪುನೀರಿನ ಬಾವಿಯ ಮುಂದೆ ಕೊಡ ಹಿಡಿದ ಹೆಂಗಸರು ಸಾಲಾಗಿ ನಿಂತಿದ್ದರು. ಮರುದಿನ ಅವರೆಲ್ಲ ಆ ಕೊಡಗಳೊಂದಿಗೆ ಇಂಜಿನಿಯರ ಮನೆಗೇ ಹೋದರು, ಸಂಜೆಗೆ ಮೋಟಾರೂ ಬಂತು. ಅದು ಆಮೇಲಿನ ಮಾತು. ಅವತ್ತು ನರಸಮ್ಮ ಬೈಯಲಿಲ್ಲ. ಕಟ್ಟೆಯ ಮೇಲೆ ಕೂರಿಸಿ ಒಂದು ಚೊಂಬು ಬಾವಿ ನೀರು ಕೊಟ್ಟರು.

"ಬಿಸಿಲಾಗ ಬಂದೀರಿ. ಕುಡೀರಿ, ಆಚಾರ್ರೇ."

ಮಡಿಯ ನೆಪ ಹೇಳಬಹುದಿತ್ತು. ಆದರೆ ಅವರೆದುರಿಗೇ ದಿನಾ ಹೋಟೆಲಿನ ಚಹಾ ಕುಡಿದವನು ನಾನು. ಕಣ್ಣು ಮುಚ್ಚಿ ಅಷ್ಟನ್ನೂ ಕುಡಿದೆ. ನಾಲಿಗೆ ಚರ್ಮದಂತಾಯಿತು.

"ಇನ್ನೊಂದು ಚೊಂಬು ಕೊಡ್ರಬೇ, ಫೋನ್ ಕಲಿಸಿದ ಮೇಷ್ಟ್ರು ಅದಾರ" ಎಂದರು ನರಸಮ್ಮ, ಬಹಳ ಮರ್ಯಾದೆಯಿಂದ.

ಎರಡನೆಯದನ್ನೂ ಕುಡಿದೆ. ಬೇಡ ಎನ್ನುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ.