ನನ್ನ ಬಚ್ಚಲಿನ ಟ್ಯೂಬ್‌ಲೈಟು ಕಂಡುಹಿಡಿದ ಯಂತ್ರದವರಿಗೆ

ಮಾನ್ಯರೇ, ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡುವ ಮಹಾಯಂತ್ರದವರೇ, ಓಣಿಯ ಆಚೆಬದಿಯ ಅಜ್ಜಿ ಮಾಡುವ ನಮಸ್ಕಾರಗಳು.

ಮೊದಲೇ ಹೇಳಿಬಿಡುತ್ತೇನೆ, ಈ ಕಾಗದ ಬರೆಯುವುದು ನನಗೆ ಸುತರಾಂ ಇಷ್ಟವಿಲ್ಲ. ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಸಾಕಿ ಬಂದವಳು ನಾನು. ಕಿಟಕಿಯಲ್ಲಿ ನಿಂತು ಬಾಯಿ ತೆರೆದಿದ್ದರೆ ಎರಡು ನಿಮಿಷದ ಕೆಲಸ. ಆದರೆ ಪ್ರಯೋಗಶಾಲೆಯಲ್ಲಿ ತಮ್ಮ ಸೇವೆಯಲ್ಲಿರುವ ನನ್ನ ಮೊಮ್ಮಗಳು “ಅಜ್ಜೀ, ಬೀದಿಗೆಲ್ಲ ಕೇಳೋ ಹಾಗೆ ಕೂಗ್ಬೇಡ, ನನ್ ಮಾನ ಹೋಗತ್ತೆ, ಬರೆದು ಕೊಡು” ಎಂದು ಪೆನ್ನು ತುರುಕಿದ್ದಾಳೆ. ಅವಳ ಮೇಷ್ಟ್ರನ್ನು ಏನು ಕೇಳಿದರೂ “ಯಂತ್ರ ಒಪ್ಪಲ್ಲ ಅಜ್ಜಿ” ಅನ್ನುತ್ತಾರೆ. ಒಪ್ಪುವವರು ತಾವೇ ಎಂದಮೇಲೆ ನಡುವಿನವರ ಹತ್ತಿರ ಮಾತೇಕೆ?

ತಮ್ಮ ದೊಡ್ಡಸ್ತಿಕೆಯ ಬಗ್ಗೆ ಎರಡು ಮಾತಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳನ್ನು ನೀರಿನಲ್ಲಿ ಕದಡಿ ಮುಂದಿಟ್ಟರೆ, ಅವು ಯಾವ ಬಣ್ಣದ ಬೆಳಕನ್ನು ಎಷ್ಟು ಬಿಡುತ್ತವೆಂದು ಗೆರೆ ಎಳೆದು ತೋರಿಸುತ್ತೀರಂತೆ. ತಮಗೆ ಕತ್ತಲೆಯೇ ಬೇಕು, ತಂಪೇ ಬೇಕು, ಬಂದವರು ಚಪ್ಪಲಿ ಹೊರಗೇ ಬಿಡಬೇಕು. ಬಾಣಂತಿಗೂ ಇಷ್ಟು ಆರೈಕೆ ಮಾಡಿದ್ದನ್ನು ನಾನು ಕಂಡಿಲ್ಲ.

ಹೋದ ತಿಂಗಳು ಆ ಗೆರೆಯಲ್ಲಿ ಯಾರೂ ಕಾಣದ ಹಸಿರು ಮೊನೆಯೊಂದು ಎದ್ದಿತು. ಸಂಜೆ ಹೊತ್ತು ಏಳುತ್ತದೆ, ಸ್ವಲ್ಪ ಹೊತ್ತಿಗೆ ಮಾಯ. ಕಣಗಳಿಗೆ ಹೊಸ ಗುಣ ಬಂತೆಂದು ಮೇಷ್ಟ್ರು ಸಿಹಿ ಹಂಚಿದರು. ನನಗೂ ಒಂದು ತುಂಡು ಬಂತು, ಸಕ್ಕರೆ ಕಾಯಿಲೆ ಮರೆತು ತಿಂದೆ. ಆಮೇಲೆ ತಿಳಿಯಿತು, ಆ ಬೆಳಕು ಕಣಗಳದ್ದಲ್ಲ, ತಮ್ಮ ಕೋಣೆಯ ಗವಾಕ್ಷಿಗೆ ನೇರ ಎದುರಿರುವ ನನ್ನ ಬಚ್ಚಲಿನ ಟ್ಯೂಬ್‌ಲೈಟಿನದು. ನಾನು ಸಂಜೆಗೆ ನಾಲ್ಕೈದು ಸಲ ಹೋಗಲೇಬೇಕಾದವಳು. ಹೋದಾಗಲೆಲ್ಲ ವಿಜ್ಞಾನವೂ ಒಂದು ಹೆಜ್ಜೆ ಮುಂದೆ ಹೋಗಿದೆ.

ಇನ್ನಾದರೂ ಗವಾಕ್ಷಿಗೆ ಒಂದು ಕಪ್ಪು ಬಟ್ಟೆ ಕಟ್ಟುತ್ತಾರೆ ಅಂದುಕೊಂಡೆ. ಗಾಳಿ ಆಡದಿದ್ದರೆ ತಾವು ಒಪ್ಪುವುದಿಲ್ಲವಂತೆ. ಬದಲಿಗೆ ಮೇಷ್ಟ್ರು ನನ್ನ ಬಚ್ಚಲಿನ ಸ್ವಿಚ್ಚಿಗೆ “ಅಳತೆ ನಡೆಯುತ್ತಿದೆ, ಮುಟ್ಟಬಾರದು” ಎಂದು ಚೀಟಿ ಅಂಟಿಸಿ ಹೋದರು. ಅಂದಿನಿಂದ ಗೋಡೆ ತಡವಿಕೊಂಡೇ ಹೋಗಿಬರುತ್ತಿದ್ದೇನೆ. ಮೊನ್ನೆ ಬಕೆಟ್ಟಿಗೆ ಎಡವಿ ಬಿದ್ದೆ, ಮೊಣಕಾಲು ಊದಿ ಕುಂಬಳಕಾಯಿಯಾಗಿದೆ. ಆ ದಿನದ ಗೆರೆ ಮಾತ್ರ ಬಹಳ ಚೊಕ್ಕವಾಗಿ ಬಂತಂತೆ. ಸಂತೋಷ. ಇನ್ನೊಮ್ಮೆ ಬಿದ್ದರೆ ಸೊಂಟವೇ ಹೋಗುತ್ತದೆ.

ಆದ್ದರಿಂದ ಬಿನ್ನಹವೇನೆಂದರೆ, ತಾವು ದಯಮಾಡಿ ಬೇರೆ ಕಡೆಗೆ ಮುಖ ತಿರುಗಿಸಿ ಕೂರಬೇಕು. ಅದಾಗದಿದ್ದರೆ ಹೊಳೆಯುವ ಆ ಕಣಗಳನ್ನು ಒಂದು ಬಿಂದಿಗೆ ಕಳಿಸಿದರೆ ಬಚ್ಚಲ ಮೂಲೆಯಲ್ಲಿಟ್ಟು ಅದರ ಬೆಳಕಲ್ಲೇ ಸುಧಾರಿಸಿಕೊಳ್ಳುತ್ತೇನೆ. ಅದೂ ಆಗದಿದ್ದರೆ ಸಂಜೆ ಹೊತ್ತು ಮೇಷ್ಟ್ರನ್ನು ನಮ್ಮ ಮನೆಗೆ ಕಳಿಸಿ, ಬಾಗಿಲವರೆಗೆ ನನ್ನ ಕೈಹಿಡಿದು ನಡೆಸಲಿ, ಕರೆಯುವವರೆಗೆ ಗೋಡೆಗೆ ಮುಖಮಾಡಿ ನಿಂತಿರಲಿ.

ಇಂತಿ, ಬಿದ್ದರೂ ತಮ್ಮಲ್ಲಿಟ್ಟ ವಿಶ್ವಾಸ ಬಿಡದ,
ಓಣಿಯ ಆಚೆಬದಿಯ ಅಜ್ಜಿ

ವಿ.ಸೂ.: ನಮ್ಮ ಮಹಡಿ ಮೇಲಿನ ಟೈಲರು ಗಳಿಗೆಗೊಂದು ಬಣ್ಣ ಬದಲಿಸುವ ಬೋರ್ಡು ಹಾಕಿಸುತ್ತಿದ್ದಾನೆ, ತಮ್ಮ ಗವಾಕ್ಷಿಯ ಕಡೆಗೇ. ಅವನ ಸ್ವಿಚ್ಚಿಗೆ ಚೀಟಿ ಅಂಟಿಸಲು ಮೇಷ್ಟ್ರು ಹೋಗುವುದಾದರೆ ಮುಂಚೆ ಹೇಳಿಕಳಿಸಿ, ನೋಡಲು ಕುರ್ಚಿ ಹಾಕಿಕೊಂಡಿರುತ್ತೇನೆ. ಅವನು ಕಾಗದ ಬರೆಯುವ ಪೈಕಿಯಲ್ಲ. ನನ್ನ ಲೈಟಿನ ವಿಚಾರಕ್ಕೆ ಉತ್ತರ ಇಪ್ಪತ್ತನೇ ತಾರೀಕಿನೊಳಗೆ ಬರಬೇಕು.