ಆಟಗಾರರ ಮನಸ್ಸಿಗೊಂದು ನಕ್ಷೆ

ಮನುಷ್ಯರ ಮನಸ್ಸು ನನಗೆ ಅರ್ಥವಾಯಿತು ಅಂದುಕೊಂಡ ದಿನವೇ ಯಾರಾದರೂ ಬಂದು ಆ ಭ್ರಮೆ ಬಿಡಿಸಿ ಹೋಗುತ್ತಿದ್ದರು. ನಾಸಿಕ್, ಔರಂಗಾಬಾದುಗಳ ನಡುವೆ ಬಸ್ಸಿನಲ್ಲಿ ಓಡಾಡಿಕೊಂಡು ಹನ್ನೆರಡು ವರ್ಷ ಆಟಗಾರರಿಗೆ ಮನಶ್ಶಾಸ್ತ್ರಜ್ಞೆಯಾಗಿದ್ದ ನನಗೆ ಇದು ತಪ್ಪಲೇ ಇಲ್ಲ.

ನಮ್ಮ ಕೆಲಸ ಒಂದು ಹಾಳೆಯಿಂದ ಶುರುವಾಗುತ್ತದೆ. ತೊಂದರೆ ಏನು, ಎಲ್ಲಿಂದ ಬಂತು, ಅದನ್ನು ಹೋಗಗೊಡದೆ ಸಾಕುತ್ತಿರುವುದು ಯಾವುದು, ಎದುರಿಸಲು ಇರುವ ಬಲ ಯಾವುದು: ನಾಲ್ಕು ಚೌಕ, ನಡುವೆ ಬಾಣಗಳು, ಒಂದು ನಕ್ಷೆಯ ಹಾಗೆ. ಆಟಗಾರರ ಜೊತೆ ಕೂತು, ಅವರ ಮಾತು ಕೇಳಿಯೇ ಅದನ್ನು ತುಂಬಬೇಕು.

ಮೂರನೆಯ ಚೌಕ

ನಾಸಿಕ್ ಬಳಿಯ ನಿಫಾಡಿನ ದ್ರಾಕ್ಷಿ ತೋಟದ ಮನೆಯ ಹುಡುಗಿ, ಎಂಟುನೂರು ಮೀಟರ್ ಓಟಗಾರ್ತಿ. ಅಭ್ಯಾಸದಲ್ಲಿ ಎಲ್ಲರಿಗಿಂತ ಮುಂದೆ, ಪಂದ್ಯದಲ್ಲಿ ಕೊನೆಯ ತಿರುವಿಗೆ ಬಂದರೆ ಕಾಲು ಮರಗಟ್ಟುತ್ತಿತ್ತು. ಆಯ್ಕೆಗೆ ಎರಡೇ ತಿಂಗಳಿತ್ತು. ಅವಳ ಕೋಚು ರಿಪೇರಿಗೆ ಸೈಕಲ್ ಬಿಡುವವರಂತೆ ಅವಳನ್ನು ನನ್ನಲ್ಲಿ ಬಿಟ್ಟು, ಮನಸ್ಸು ವೀಕ್ ಇದೆ, ಗಟ್ಟಿ ಮಾಡಿಕೊಡಿ ಅಂದು ಹೋದರು.

ಮೂರು ಸಲ ಕೂತ ಮೇಲೆ ಹುಡುಗಿ ಬಾಯಿಬಿಟ್ಟಳು. ಕೊನೆಯ ತಿರುವಿನಲ್ಲೇ ಕೋಚು ನಿಂತು, ನೀನು ಸೋತರೆ ನನ್ನ ಮರ್ಯಾದೆ ಹೋಯಿತು ಎಂದು ಕೂಗುತ್ತಿದ್ದರಂತೆ. ಮೂರನೆಯ ಚೌಕದಲ್ಲಿ 'ಕೋಚಿನ ಕೂಗಾಟ' ಎಂದು ಬರೆದೆ. ಅವಳ ಒಪ್ಪಿಗೆ ಪಡೆದು ಹಾಳೆಯನ್ನು ಆ ಕೋಚಿಗೇ ತೋರಿಸಿದೆ.

ಅವರು ಪ್ರತಿ ಚೌಕಕ್ಕೂ ತಲೆಯಾಡಿಸುತ್ತ ಓದಿದರು. ಮೂರನೆಯದಕ್ಕೆ ಬಂದು ನಿಂತರು. ಮುಖ ಕೆಂಪಾಯಿತು. ಬೈಗುಳಕ್ಕೆ ನಾನು ಸಿದ್ಧಳಾದೆ.

"ಮೇಡಂ, ನನಗಿಂತ ಮೊದಲು ಇವಳಿಗೆ ಯಾರು ಕೋಚಾಗಿದ್ದರು? ಎಂಥಾ ಮನುಷ್ಯ ಅವನು," ಅಂದರು.

ಶನಿಯ ಸ್ಥಾನ

ಔರಂಗಾಬಾದಿನಲ್ಲಿ ಬೀದರ್ ಕಡೆಯ ಬಟ್ಟೆ ವ್ಯಾಪಾರಿಯೊಬ್ಬರು ಬ್ಯಾಡ್ಮಿಂಟನ್ ಆಡುವ ಮಗಳನ್ನು ಕರೆತಂದರು. ಒಂದು ಪಾಯಿಂಟ್ ಹೋದರೆ ಅವಳಿಗೆ ಇಡೀ ಆಟವೇ ಹೋಗುತ್ತಿತ್ತು. ಹಾಳೆ ತುಂಬಿದ ಮೇಲೆ ತಂದೆ ಅದನ್ನು ಮನೆಗೆ ಒಯ್ಯಬಹುದೇ ಎಂದು ಕೇಳಿದರು. ಮಗಳು ಹೂಂ ಅಂದಳು.

ಮುಂದಿನ ವಾರ ಬಂದು ಬಹಳ ವಿನಯದಿಂದ ಹೇಳಿದರು: "ನಮ್ಮ ಅಯ್ಯನೋರಿಗೆ ತೋರ್ಸಿದೆರಿ. ನಿಮ್ಮ ಕುಂಡಲಿ ಛಲೋ ಅದ ಅಂದ್ರು. ಬರೇ ಶನಿ ಎಲ್ಲಿ ಕುಂತಾನ ಅಂತ ಬರ್ದಿಲ್ಲ ಅಂದ್ರು."

ಮಗಳಿಗೆ ಕನ್ನಡ ಅರ್ಥವಾಗುತ್ತಿತ್ತು, ಆದರೆ ಮಾತಾಡುವುದು ಮರಾಠಿ. ಅವಳು ಅಪ್ಪನ ಕಡೆ ನೋಡದೆ ಮರಾಠಿಯಲ್ಲೇ ಹೇಳಿದಳು: ಪ್ರತಿ ಮ್ಯಾಚಿಗೂ ಮೊದಲ ಸಾಲಿನಲ್ಲಿ ಕೂತಿರುತ್ತಾನೆ.

ಹೆಸರಿಲ್ಲದ ಹಾಳೆ

ಗುಟ್ಟು ಕಾಪಾಡುವುದು ನಮ್ಮ ವೃತ್ತಿಧರ್ಮ. ಅದಕ್ಕೇ ಹಾಳೆಗಳ ಮೇಲೆ ನಾನು ಹೆಸರು ಬರೆಯುತ್ತಿರಲಿಲ್ಲ.

ಒಂದು ವರ್ಷ ನನ್ನ ಬಳಿ ಇಬ್ಬರಿದ್ದರು. ಒಬ್ಬಳು ರೈಫಲ್ ಶೂಟಿಂಗ್ ಮಾಡುವ ಕಾಲೇಜು ಹುಡುಗಿ. ತಪ್ಪಾದೀತೆಂಬ ಭಯಕ್ಕೆ ಟ್ರಿಗರ್ ಒತ್ತಲು ಹಿಂಜರಿಯುತ್ತಿದ್ದಳು. ಇನ್ನೊಬ್ಬ ಔರಂಗಾಬಾದಿನ ಹೊರಗಿನ ಶೇಂದ್ರಾದ ಕಾರ್ಖಾನೆಯೊಂದರ ಕಬಡ್ಡಿ ಆಟಗಾರ. ಅವನ ತೊಂದರೆ ಸಿಟ್ಟು. ಅಂಪೈರು ಸೀಟಿ ಊದಿದರೆ ಜಗಳಕ್ಕೇ ಹೋಗುತ್ತಿದ್ದ. ಆಯ್ಕೆ ಪಂದ್ಯಗಳ ಹಿಂದಿನ ವಾರ, ದಿನಾ ಓದಿಕೊಳ್ಳಿ ಎಂದು ಇಬ್ಬರಿಗೂ ಅವರವರ ಫೈಲಿನಿಂದ ಹಾಳೆ ತೆಗೆದು ಕೊಟ್ಟೆ, ಪ್ರತಿಯನ್ನು ಫೈಲಿನಲ್ಲೇ ಉಳಿಸಿಕೊಂಡೆ.

ಇಬ್ಬರೂ ಆಯ್ಕೆಯಾದರು. ನಾನು ಮನೆಯಲ್ಲಿ ಸಿಹಿಗೆಂದು ಶಿರಾ ಮಾಡಿದೆ. ನಕ್ಷೆಯ ಮಹಿಮೆಯ ಬಗ್ಗೆ ಒಂದು ಕಾಲೇಜಿನಲ್ಲಿ ಭಾಷಣವನ್ನೂ ಒಪ್ಪಿಕೊಂಡೆ. ಅದಕ್ಕೆ ತಯಾರಾಗಲು ಫೈಲು ತೆಗೆದೆ. ಹುಡುಗಿಯ ಹಾಳೆಯ ಪ್ರತಿ ಕಬಡ್ಡಿಯವನ ಫೈಲಿನಲ್ಲಿತ್ತು, ಅವನದು ಅವಳ ಫೈಲಿನಲ್ಲಿ. ಅಂದರೆ ಹಾಳೆಗಳು ಅದಲುಬದಲಾಗಿಯೇ ಅವರ ಕೈ ಸೇರಿದ್ದವು.

ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಹುಡುಗಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಅದು ತನ್ನದಲ್ಲ ಎಂದು ಅವಳಿಗೆ ಮೊದಲ ದಿನವೇ ಗೊತ್ತಾಗಿತ್ತಂತೆ. ಆದರೆ ಓದಿದ ಮೇಲೆ, ಇಷ್ಟೆಲ್ಲಾ ಸಿಟ್ಟು ಹೊತ್ತವರೇ ಆಡುತ್ತಿರುವಾಗ ನನ್ನದೇನು ಮಹಾ ಅನ್ನಿಸಿ ಭಯ ಇಳಿಯಿತಂತೆ. ಆಮೇಲೆ ಕಬಡ್ಡಿಯವನಿಗೂ ಫೋನ್ ಮಾಡಿದೆ. ಅವನದೂ ಅದೇ ಕಥೆ: ಪಾಪ, ಯಾರೋ ಇಷ್ಟು ಹೆದರುತ್ತಾರಲ್ಲ ಎಂದು ಮನಸ್ಸು ಮೆತ್ತಗಾಗಿ, ಅಂಪೈರಿನ ಮೇಲೂ ಸಿಟ್ಟು ಬರಲಿಲ್ಲವಂತೆ.

ಫೋನ್ ಇಡುವ ಮುನ್ನ ಇಬ್ಬರೂ ಒಂದೇ ಪ್ರಶ್ನೆ ಕೇಳಿದರು: "ಆ ಹಾಳೆಯವರಿಗೆ ಈಗ ಹೇಗಿದೆ ಮೇಡಂ? ನಿಮ್ಮಿಂದ ಏನಾದರೂ ಉಪಯೋಗ ಆಯಿತಾ?"